ಅತ್ತೆ ಬೇಡವೆಂದ ಬಹುಮಾನ

ನಮ್ಮತ್ತೆಯನ್ನು ಹೊಗಳುವ ಅಭ್ಯಾಸ ನನಗಿಲ್ಲ. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನಾನು ಗುಡಿಸಿದ ನೆಲವನ್ನು ಅವರು ಮತ್ತೊಮ್ಮೆ ಗುಡಿಸುತ್ತಾರೆ, ಅವರು ಒಗೆದ ಬಟ್ಟೆಯನ್ನು ನಾನು ಮತ್ತೊಮ್ಮೆ ಹಿಂಡುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಾಲವೂ ಅವರದೇ. ಆದರೂ ಅವರ ಕತೆಯನ್ನು ನಾನೇ ಹೇಳಬೇಕಾಗಿದೆ. ಅವರನ್ನು ಕೇಳಿದರೆ "ಅದ್ರಲ್ಲಿ ಹೇಳೋಕೇನಿದೆ" ಎಂದು ಎದ್ದುಹೋಗುತ್ತಾರೆ.

ಅತ್ತೆಯ ಆಯುಸ್ಸೆಲ್ಲ ಕಳೆದದ್ದು ಕಟ್ಟಡಗಳ ಬುಡದಲ್ಲಿ. ತಲೆಯ ಮೇಲೆ ಕಾಂಕ್ರೀಟಿನ ಬಾಣಲೆ ಹೊತ್ತು ಏರಿದ ಮಹಡಿಗಳಿಗೆ ಲೆಕ್ಕವಿಲ್ಲ. ಕಟ್ಟಿ ಮುಗಿದ ಮೇಲೆ ಅವುಗಳಲ್ಲಿ ಒಂದರೊಳಕ್ಕೂ ಅವರು ಕಾಲಿಟ್ಟಿಲ್ಲ. ಕಾವಲಿನವನು ಬಿಟ್ಟಿದ್ದರೆ ತಾನೇ! ಮಾವ ಬೇಗ ತೀರಿಕೊಂಡರು. ಕೂಸಾಗಿದ್ದ ನನ್ನ ಗಂಡನನ್ನು ಮರಳಿನ ರಾಶಿಯ ಪಕ್ಕ ಗೂಟಕ್ಕೆ ಕಾಲು ಕಟ್ಟಿ ಕೂರಿಸಿ ಕೆಲಸ ಮಾಡಿದರಂತೆ. "ಆ ಹಗ್ಗ ಇನ್ನೂ ಬಿಚ್ಚಿಲ್ಲ ಬಿಡಿ, ಇವತ್ತಿಗೂ ಅಮ್ಮ ಕೂಗಿದ್ರೆ ಅಲ್ಲೇ ನಿಂತ್ಕೋತಾರೆ" ಎಂದು ನಾನು ಕುಟುಕುತ್ತೇನೆ. ಗಂಡ ಕಾಂಕ್ರೀಟು ಲಾರಿ ಓಡಿಸುತ್ತಾನೆ, ನಾನು ಕಂಬಿ ಕಟ್ಟುತ್ತೇನೆ. ಮಂಡಿ ಸವೆದು ಮೆಟ್ಟಿಲು ಹತ್ತಲಾಗದ ಕಾಲಕ್ಕೆ ಅತ್ತೆಗೆ ನಾವು ದುಡಿಯುತ್ತಿದ್ದ ಹೊಳೆ ಸೇತುವೆಯ ಕೆಲಸದಲ್ಲೇ ಆಯಾ ಕೆಲಸ ಸಿಕ್ಕಿತು. ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವುದು. ಅವರಲ್ಲಿ ನನ್ನ ಮಗಳೂ ಒಬ್ಬಳು. ಹಿಡಿದ ಹಟ ಬಿಡದವಳೆಂದು ಅವಳನ್ನು ಎಲ್ಲರೂ ಮೊಂಡಿ ಎಂದೇ ಕರೆಯುತ್ತಿದ್ದರು; ಅಜ್ಜಿಯ ರಕ್ತ.

ಸೇತುವೆಯ ಗುತ್ತಿಗೆ ಹಿಡಿದದ್ದು ಸಮುದ್ರದಾಚೆಯ ಕಂಪನಿ. ಅದು ಕೆಲಸವನ್ನು ಇಲ್ಲಿಯ ದೊಡ್ಡ ಗುತ್ತಿಗೆದಾರನಿಗೆ ಕೊಟ್ಟಿತ್ತು, ಅವನು ಸಣ್ಣ ಗುತ್ತಿಗೆದಾರನಿಗೆ, ಆ ಸಣ್ಣವನು ನಮ್ಮ ಮೇಸ್ತ್ರಿಗೆ. ಮಕ್ಕಳಿಗೊಂದು ಕೋಣೆ ಇರಲೇಬೇಕೆಂದು ಒಪ್ಪಂದದಲ್ಲೇ ಇತ್ತಂತೆ. ಹಾಗಾಗಿ ಹೊಳೆಯ ದಡದ ಹತ್ತಿರ ತಗಡಿನ ಶೆಡ್ಡು ಹಾಕಿ, ನಾಲ್ಕು ತೊಟ್ಟಿಲು ತೂಗುಹಾಕಿ, ಗೋಡೆಗೆ ಹಳದಿ ಬಣ್ಣ ಬಳಿದಿದ್ದರು.

ಶೆಡ್ಡು ಮೊದಲು ಬಂತು, ದೊಡ್ಡ ಕ್ರೇನು ಆಮೇಲೆ ಬಂತು. ಕ್ರೇನಿನ ಉದ್ದನೆಯ ತೋಳು ತಿರುಗಿದಾಗಲೆಲ್ಲ ಟನ್ನುಗಟ್ಟಲೆ ಕಬ್ಬಿಣ ಮಕ್ಕಳ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಕಂಪನಿ ಇದಕ್ಕೊಂದು ಉಪಾಯ ಮಾಡಿತು. ಕೆಳಗೆ ನಿಂತವನು ಸೀಟಿ ಊದಬೇಕು, ಆಯಾ ಆದವಳು ಮಕ್ಕಳನ್ನು ಹೊರಗೆ ಕರೆತರಬೇಕು, ಭಾರ ಹಾದುಹೋದ ಮೇಲೆ ಮತ್ತೆ ಒಳಗೆ ಸೇರಿಸಬೇಕು. ನಡೆಯುವ ಮಕ್ಕಳಿಗೆ ಅದು ಆಟವಾಯಿತು, ಸೀಟಿ ಕೇಳಿದರೆ ಕೇಕೆ ಹಾಕಿಕೊಂಡು ಓಡಿಬರುತ್ತಿದ್ದವು. ಆದರೆ ತೊಟ್ಟಿಲಲ್ಲಿ ಮಲಗಿದ ಕೂಸುಗಳು ಓಡುತ್ತವೆಯೇ? ಅತ್ತೆಗಿರುವುದು ಎರಡೇ ಕೈ.

ಅವರು ಮೇಸ್ತ್ರಿಯನ್ನು ಕೇಳಿದರು. ಶೆಡ್ಡು ನನ್ನದಲ್ಲ ಎಂದ. ಸಣ್ಣ ಗುತ್ತಿಗೆದಾರ, ಕ್ರೇನು ನನ್ನದಲ್ಲ ಎಂದ. ದೊಡ್ಡ ಗುತ್ತಿಗೆದಾರ, ನಕ್ಷೆ ನನ್ನದಲ್ಲ ಎಂದ. "ಗಾಳಿಗೆ ಗುದ್ದಿ ಕೈ ನೋಯಿಸ್ಕೊಂಡ ಹಾಗಾಯ್ತು" ಎಂದು ಗೊಣಗುತ್ತ ಅತ್ತೆ ಕಂಪನಿಯ ಮ್ಯಾನೇಜರನ ತನಕ ಹೋದರು. ಹೊರದೇಶದ ಆ ಮನುಷ್ಯ ನಮ್ಮ ಭಾಷೆಯಲ್ಲಿ ಕಲಿತದ್ದು ಒಂದೇ ಮಾತು, "ನಾಳೆ". ಅದಕ್ಕೇ ಅವರು ನಮಗೆಲ್ಲ ನಾಳೆ ಸಾಹೇಬರು. ದುಭಾಷಿಯ ಮೂಲಕ ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ನಾಳೆ ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಮಕ್ಕಳ ಮೆರವಣಿಗೆ ಹೊರಡಿಸಿಕೊಂಡು ಸೀದಾ ಸಾಹೇಬರ ಆಫೀಸಿಗೆ ನುಗ್ಗಿದರು. "ನಾಳೆ ಬಂದಿದೆ ಅಂತ ಹೇಳಪ್ಪ" ಎಂದು ದುಭಾಷಿಗೆ ಹೇಳಿ, ತಣ್ಣನೆಯ ನೆಲಕ್ಕೆ ಚಾಪೆ ಹಾಸಿಯೇಬಿಟ್ಟರು. ನನಗೆ ಕೆಲಸ ಹೋಗುವ ಭಯ. ಊರಿಗೆಲ್ಲ ಒಂದು ದಾರಿಯಾದರೆ ಈ ಮುದುಕಿಗೇ ಒಂದು ದಾರಿ ಎಂದು ಅವತ್ತೆಲ್ಲ ಬೈದುಕೊಂಡೆ. ಆದರೆ ಸಾಹೇಬರು ಓಡಿಸಲಿಲ್ಲ. ಕೆಲವೇ ದಿನಗಳಲ್ಲಿ ಮಕ್ಕಳು ಅಲ್ಲಿ ತಳವೂರಿದವು. ಮೊಂಡಿ ರದ್ದಾದ ನಕ್ಷೆಗಳ ಬೆನ್ನಿಗೆ ಬೆಕ್ಕು ಬರೆಯುತ್ತಿದ್ದಳು. ಅಂಬೆಗಾಲಿಡುವ ಕೂಸು ಮೇಜಿನಡಿ ಬಂದರೆ, ಫೋನಿನಲ್ಲಿ ಯಾರನ್ನೋ ಗದರಿಸುತ್ತಿರುವ ಸಾಹೇಬರು ಮಾತು ನಿಲ್ಲಿಸದೆಯೇ ಎರಡೂ ಕಾಲು ಮೇಲೆತ್ತಿಕೊಳ್ಳುತ್ತಿದ್ದರಂತೆ.

ಹೀಗೇ ನಡೆದುಕೊಂಡು ಹೋಗುತ್ತಿರುವಾಗ ಅವರ ದೇಶದಿಂದ ಮೇಲಿನವರು ಕೆಲಸ ನೋಡಲು ಬರುವ ದಿನ ಬಂತು. ದುಭಾಷಿ ಅತ್ತೆಯ ಹತ್ತಿರ ಬಂದು ತಲೆ ಕೆರೆದುಕೊಂಡ.

"ಅಮ್ಮಾ, ಇವತ್ತೊಂದು ಮಧ್ಯಾಹ್ನ ಮಕ್ಕಳನ್ನ ಶೆಡ್ಡಿಗೆ ಕರ್ಕೊಂಡ್ ಹೋಗ್ಬೇಕಂತೆ."

"ಯಾಕಂತೆ?"

"ನಕ್ಷೇಲಿ ಮಕ್ಕಳ ಕೋಣೆ ಎಲ್ಲಿದೆಯೋ ಅಲ್ಲೇ ಮಕ್ಕಳು ಕಾಣಿಸ್ಬೇಕಂತೆ. ಬಂದೋರು ನಕ್ಷೆ ಹಿಡ್ಕೊಂಡೇ ನೋಡ್ತಾರೆ."

"ಕ್ರೇನು ನಿಲ್ಲಿಸ್ತಾರಾ?"

"ನಿಲ್ಲಿಸ್ತಾರಂತೆ."

ಅಂತೆಕಂತೆಗಳ ಸಂತೆ! ಬಂದವರಿಗೆ ಕೆಲಸ ಜೋರಾಗಿ ನಡೆಯುತ್ತಿದೆಯೆಂದು ತೋರಿಸಬೇಕಲ್ಲ, ಕ್ರೇನು ನಿಲ್ಲಲೇ ಇಲ್ಲ. ಶೆಡ್ಡಿನ ಮಾತು ನನಗೆ ಗೊತ್ತಾದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಮಕ್ಕಳು ಶೆಡ್ಡಿಗೆ ಹೋಗುತ್ತವೆಂದು ಕೇಳಿ ಒಂದು ಗಳಿಗೆ ಕಸಿವಿಸಿಯಾಯಿತು. ಆಮೇಲೆ ಕಂಬಿಯ ಅಂಗಳಕ್ಕೆ ಹೋಗಿ ತಂತಿ ಸುತ್ತುತ್ತ ಕುಳಿತೆ.

ಸದ್ದು ಬಂದದ್ದು ಮಕ್ಕಳು ಮಲಗುವ ಹೊತ್ತಿಗೆ. ಕ್ರೇನಿನ ಉಕ್ಕಿನ ಹಗ್ಗ ಕಿತ್ತು, ಅದು ಎತ್ತಿದ್ದ, ಕಾಂಕ್ರೀಟು ಸುರಿಯಲು ಅಚ್ಚು ಕಟ್ಟುವ ಕಬ್ಬಿಣದ ಸೆಂಟ್ರಿಂಗ್ ಪ್ಲೇಟುಗಳ ಕಟ್ಟು ಕೆಳಗೆ ಬಿದ್ದಿತ್ತು. ಧೂಳು ಎದ್ದ ದಿಕ್ಕನ್ನು ನೋಡಿದೆ. ನನ್ನ ಕೈಯಲ್ಲಿದ್ದ ಇಕ್ಕಳ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು. ಹಳದಿ ಗೋಡೆ ನೆಲಕ್ಕೆ ಕೂತಿತ್ತು. ಚಾವಣಿ ಮಧ್ಯಕ್ಕೆ ಮಡಚಿಕೊಂಡಿತ್ತು. ಒಂದು ತೊಟ್ಟಿಲ ಬಟ್ಟೆ ತಗಡಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ನಾವೆಲ್ಲ ತಾಯಂದಿರು ಬರಿಗೈಯಲ್ಲಿ ತಗಡು ಎಳೆದೆವು. ಎಲ್ಲರಿಗಿಂತ ಚಿಕ್ಕ ಕೂಸಿನ ತಾಯಿ ಗಾರೆ ಕಲಸುವವಳು. ಅವಳ ಅಂಗೈ ಎರಡೂ ಸೀಳಿ ರಕ್ತ ಸುರಿಯುತ್ತಿದ್ದರೂ ಅವಳು ಬಿಡಲಿಲ್ಲ. ನಾನು ಮೊಂಡೀ, ಮೊಂಡೀ ಎಂದು ಅರಚುತ್ತಿದ್ದೆ. ಒಳಗಿನಿಂದ ಒಂದು ಅಳುವೂ ಕೇಳಲಿಲ್ಲ. ಆ ಮೌನದ ವಿಷಯ ಈಗಲೂ ನನ್ನಿಂದ ಹೇಳಲಾಗುವುದಿಲ್ಲ.

ಆಗ ಗೇಟಿನ ಕಡೆಯಿಂದ ವ್ಯಾನಿನ ಹಾರನ್ನು ಕೇಳಿತು. ಪೀಂ, ಪೀಂ, ಪೀಂ, ಬಿಡದೆ. ಇಂಥ ಹೊತ್ತಿನಲ್ಲಿ ಯಾವ ದರಿದ್ರದವನಪ್ಪ ಎಂದು ತಿರುಗಿದರೆ, ಮೇಲಿನವರನ್ನು ಕರೆತಂದಿದ್ದ ಬಿಳಿ ವ್ಯಾನಿನ ಸ್ಟೇರಿಂಗಿನ ಮುಂದೆ ನನ್ನ ಮಗಳು ನಿಂತಿದ್ದಳು. ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿತ್ತು. ಹಿಂದಿನ ಕಿಟಕಿಗಳಲ್ಲಿ ಉಳಿದ ಮಕ್ಕಳ ಮುಖಗಳು. ಬಾಗಿಲಲ್ಲಿ ತಲೆ ಕೆದರಿದ ಅತ್ತೆ, ಸೊಂಟದಲ್ಲಿ ಆ ಚಿಕ್ಕ ಕೂಸು.

ಹೋದ ಜೀವ ಬಂತು. ಹೆಂಗಸರೆಲ್ಲ ಓಡಿದೆವು. ಮಕ್ಕಳಿಗೆ ಮುದ್ದೂ ಬಿತ್ತು, ಏಟೂ ಬಿತ್ತು, ಯಾಕೆಂದು ಅವಕ್ಕೆ ಅರ್ಥವಾಗದೆ ಎಲ್ಲವೂ ಒಟ್ಟಿಗೆ ಅಳತೊಡಗಿದವು. ಆ ಅಳು ಕೇಳಲು ಎಷ್ಟು ಚೆನ್ನಾಗಿತ್ತು! ನಾನು ಅತ್ತೆಯನ್ನು ತಬ್ಬಿಕೊಂಡೆ. ಮದುವೆಯಾದ ಮೇಲೆ ಅದೇ ಮೊದಲು, ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಅತ್ತೆ ದೊಡ್ಡ ಮನುಷ್ಯರಾಗಿಬಿಟ್ಟಿದ್ದರು. ಅಪಾಯವನ್ನು ಮೊದಲೇ ಗ್ರಹಿಸಿ ಮಕ್ಕಳನ್ನು ಸುರಕ್ಷಿತ ಜಾಗಕ್ಕೆ ಒಯ್ದ ಜಾಣೆ, ಕಂಪನಿಯೇ ತಯಾರು ಮಾಡಿದ ಜಾಗರೂಕ ಕೆಲಸಗಾರ್ತಿ ಎಂದು ಮೇಲಿನವರು ಹೊಗಳಿದರು. ವಾರದ ಕೊನೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವಾಗ ಅವರೆದುರೇ ಬಹುಮಾನ ಕೊಡುವುದೆಂದು ಗೊತ್ತುಮಾಡಿದರು. ಗೇಟಿನ ಪಕ್ಕ ಹಾಕಲು ಅತ್ತೆಯ ಫೋಟೋ ಇರುವ ಫಲಕವೂ ತಯಾರಾಯಿತು. ಯಾರೂ ಸಾಯಲಿಲ್ಲವಾದ್ದರಿಂದ ಏನೂ ಆಗಿಲ್ಲ, ಆಗದಂತೆ ನೋಡಿಕೊಂಡದ್ದು ಕಂಪನಿ ಎನ್ನುವ ಲೆಕ್ಕ. ಆಚೆ ಹೊಳೆಯ ದಡದಲ್ಲಿ ಹಳೆಯ ಶೆಡ್ಡಿನ ಜಾಗದಲ್ಲೇ ಹೊಸ ತಗಡು ತಂದು ಇಳಿಸುತ್ತಿದ್ದರು. ನಕ್ಷೆಯಲ್ಲಿ ಮಕ್ಕಳ ಕೋಣೆ ಇನ್ನೂ ಅಲ್ಲೇ ಇತ್ತಲ್ಲ!

ಮನೆಯಲ್ಲಿ ಮಾತ್ರ ಅತ್ತೆಯ ಬಾಯಿಗೆ ಬೀಗ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. ನನಗೆ ಹೆದರಿಕೆಯಾಯಿತು. ವಿಚಾರಣೆಯ ಬೆಳಿಗ್ಗೆ ಬಟ್ಟೆ ಮಡಚುತ್ತ ಕೂತಿದ್ದಾಗ ಕೇಳಿದೆ.

"ಏನಾಯ್ತು ಅತ್ತೆ? ಮೈಗೆ ಹುಷಾರಿಲ್ವಾ?"

"ನಾನು ಶೆಡ್ಡಿಗೇ ಹೊರಟಿದ್ದೆ ಕಣೇ."

"ಯಾವಾಗ?"

"ಅವತ್ತು. ಅವರು ಹೇಳಿದ್ರಲ್ಲ, ಒಪ್ಕೊಂಡು ಕರ್ಕೊಂಡು ಹೊರಟಿದ್ದೆ. ಗೇಟಿನ ಹತ್ರ ಆ ವ್ಯಾನಿನ ಡ್ರೈವರು, ಹತ್ತಿ ನೋಡ್ತೀರೇನ್ರೋ ಅಂದ. ಮಕ್ಕಳು ಹತ್ತಿದ್ವು. ಒಳಗೆ ತಣ್ಣಗಿತ್ತು, ಒಂದೊಂದಾಗಿ ಮಲಗಿಬಿಟ್ವು. ಎಬ್ಬಿಸೋಣ ಅಂತ ಕೂತೋಳು ನಾನೂ ನಿದ್ದೆ ಹೋದೆ. ಸದ್ದಾದಾಗಲೇ ಎಚ್ಚರ."

ನಾನು ಮಡಚುತ್ತಿದ್ದ ಸೀರೆ ಹಾಗೇ ಕೈಯಲ್ಲಿ ಉಳಿಯಿತು.

"ಮಕ್ಕಳು ಉಳಿದ್ರಲ್ಲ ಅತ್ತೆ. ಸುಮ್ಮನೆ ಬಹುಮಾನ ತಗೊಂಡು ಬನ್ನಿ. ಯಾರಿಗ್ ಗೊತ್ತಾಗುತ್ತೆ?"

"ನಾನು ಇಸ್ಕೊಂಡ್ರೆ ಅಲ್ಲಿಗೆ ಮುಗೀತು. ಕಾಪಾಡೋಕೆ ಮುದುಕಿ ಇದಾಳೆ ಅಂತ ಅಲ್ಲೇ ಶೆಡ್ಡು ಹಾಕ್ತಾರೆ. ಇನ್ನೊಂದ್ಸಲ ನಂಗೆ ನಿದ್ದೆ ಬರ್ದೆ ಹೋದ್ರೆ?"

ಸೀರೆಯನ್ನು ಪಕ್ಕಕ್ಕಿಟ್ಟು ಎದ್ದೆ. ಅವರ ಜೊತೆ ನಾನೂ ಹೋದೆ. ಊಟದ ಬಿಡುವಾದ್ದರಿಂದ ತಾಯಂದಿರೆಲ್ಲ ಚಪ್ಪಾಳೆ ತಟ್ಟಲು ಮಕ್ಕಳನ್ನು ಎತ್ತಿಕೊಂಡು ಆಫೀಸಿನ ಬಾಗಿಲಲ್ಲೇ ನಿಂತಿದ್ದರು. ಒಳಗೆ ಉದ್ದನೆಯ ಮೇಜು. ಅದರ ಒಂದು ಪಕ್ಕ ಅಧಿಕಾರಿ, ಎದುರಿಗೆ ಮೇಲಿನವರು, ಸಾಹೇಬರು, ಇಬ್ಬರು ಗುತ್ತಿಗೆದಾರರು, ಮೇಸ್ತ್ರಿ. ಹಗ್ಗ ಯಾರದು ಎಂದು ಅಧಿಕಾರಿ ಕೇಳಿದ್ದಕ್ಕೆ ಬೆರಳುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು ಮೇಸ್ತ್ರಿಯ ಮೇಲೆ ನಿಂತಿದ್ದವು. ಪಾಪ, ಅವನ ಹಿಂದೆ ಗೋಡೆ ಬಿಟ್ಟರೆ ತೋರಿಸಲು ಬೇರೆ ಯಾರೂ ಇರಲಿಲ್ಲ.

ಅತ್ತೆ ನಿಂತುಕೊಂಡೇ ನನಗೆ ಹೇಳಿದ್ದನ್ನೆಲ್ಲ ಹೇಳಿದರು. ನಿದ್ದೆ ಮಾಡಿದ್ದನ್ನೂ ಬಿಡಲಿಲ್ಲ. ಬಾಗಿಲಲ್ಲಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅತ್ತೆ, "ನಾನು ಕಾಪಾಡ್ಲಿಲ್ಲ ಸ್ವಾಮಿ. ಆ ಬಹುಮಾನ ನನಗೆ ಬೇಡ" ಎಂದರು.

ದುಭಾಷಿ ಮೇಲಿನವರಿಗೆ ಏನು ಹೇಳುವುದೆಂದು ತಿಳಿಯದೆ ಸಾಹೇಬರ ಮುಖ ನೋಡಿದ. ಆದರೆ ಅಧಿಕಾರಿಗೆ ದುಭಾಷಿ ಬೇಕಿರಲಿಲ್ಲ.

"ಶೆಡ್ಡಿಗೆ ವಾಪಸ್ ಕರ್ಕೊಂಡ್ ಹೋಗು ಅಂದೋರು ಯಾರಮ್ಮ?"

"ನನಗೆ ಹೇಳಿದ್ದು ಇವರು" ಎಂದು ಅತ್ತೆ ದುಭಾಷಿಯನ್ನು ತೋರಿಸಿದರು. "ಇವರಿಗೆ ಹೇಳಿದ್ದು ಯಾರು ಅಂತ ನೀವು ಕೇಳಿ. ಅದಕ್ಕೆ ತಾನೆ ಬಂದಿರೋದು?"

ಸಾಹೇಬರು ದುಭಾಷಿಯ ತೋಳು ಹಿಡಿದು, ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳು ಎನ್ನುವಂತೆ ಸನ್ನೆ ಮಾಡಿದರು. ಅವನು ಹೇಳಿದ. ಸಾಹೇಬರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅವರು ಎದ್ದು ನಿಂತರು. ಮೇಲಿನವನೊಬ್ಬ ಅಂಗಿ ಹಿಡಿದು ಜಗ್ಗಿದರೂ ಕೂರಲಿಲ್ಲ. ಅವರ ಮಾತನ್ನು ದುಭಾಷಿ ಹೀಗೆ ಹೇಳಿದ:

"ಆ ನಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಇವರಂತೆ. ಕ್ರೇನು ಬಂದ ಮೇಲೆ ಅದು ತಪ್ಪು ಅಂತ ಗೊತ್ತಿತ್ತಂತೆ. ಮಕ್ಕಳನ್ನ ಕಳಿಸು ಅಂದೋರೂ ಇವರೇ ಅಂತೆ. ಹಗ್ಗ ಯಾರೇ ಕೊಟ್ಟಿರಲಿ, ಇಲ್ಲಿ ಏನೇ ಬಿದ್ದರೂ ಅದಕ್ಕೆ ಕಂಪನಿ ಹೊಣೆ, ಕಂಪನಿ ಪರವಾಗಿ ನಾನು ಹೊಣೆ ಅಂತಿದಾರೆ. ಮೇಸ್ತ್ರಿ ತಲೆಗೆ ಕಟ್ಟಬೇಡಿ ಅಂತಿದಾರೆ."

ಮೇಸ್ತ್ರಿ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತ. ನಮಗೆ ಸದಾ ಬೈಯುವ ಮನುಷ್ಯ, ಆದರೂ ನನ್ನ ಕಣ್ಣೂ ಒದ್ದೆಯಾಯಿತು.

ಕ್ರೇನು ಅವತ್ತೇ ನಿಂತಿತು. ಅದರ ತೋಳು ತಲುಪದಷ್ಟು ದೂರದಲ್ಲಿ, ಕಂಪನಿಯದೇ ಖರ್ಚಿನಲ್ಲಿ, ಇಟ್ಟಿಗೆಯ ಕೋಣೆ ಎದ್ದು ನಿಂತ ಮೇಲೆಯೇ ಮತ್ತೆ ತಿರುಗಲು ಅಧಿಕಾರಿ ಅಪ್ಪಣೆ ಕೊಟ್ಟರು. ಕಂಪನಿಯ ಮೇಲೆ ಇಲ್ಲಿಯ ಕೋರ್ಟಿನಲ್ಲೇ ಮೊಕದ್ದಮೆಯಾಯಿತು. ಸಾಹೇಬರನ್ನು ಮೊದಲ ವಿಮಾನಕ್ಕೇ ಹತ್ತಿಸಲು ಮೇಲಿನವರು ನೋಡಿದರಂತೆ. ಅವರು ಹೋಗದೆ ಉಳಿದು, ಕರೆದಾಗಲೆಲ್ಲ ಕೋರ್ಟಿಗೆ ಹೋಗಿ ಉತ್ತರ ಹೇಳಿದರು. ಅದೆಲ್ಲ ಆಮೇಲಿನ ಮಾತು.

ಅವತ್ತು ಅತ್ತೆ ಆಫೀಸಿನ ಮೆಟ್ಟಿಲು ಒಂದೊಂದಾಗಿ ಇಳಿದು ಬಂದು ಅಂಗಳಕ್ಕೆ ಇಳಿದಿದ್ದ ತಾಯಂದಿರ ಎದುರು ನಿಂತರು. ತಲೆ ಎತ್ತಲಿಲ್ಲ. ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಕೇಳಿಸ್ಕೊಂಡ್ರಲ್ಲ" ಎಂದರು. "ನಿಮ್ಮ ಮಕ್ಕಳನ್ನ ನನ್ನ ಕೈಲಿ ಕೊಟ್ಟು ಹೋಗಿದ್ರಿ, ನಾನು ನಿದ್ದೆ ಮಾಡ್ದೆ. ಹೇಳಿದ್ರು ಅಂತ ಅಲ್ಲಿಗೆ ಕರ್ಕೊಂಡೂ ಹೊರಟಿದ್ದೆ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಊಟದ ಬಿಡುವು ಮುಗಿದ ಸೈರನ್ನು ಕೂಗಿತು. ಗಾರೆ ಕಲಸುವವಳು ಮುಂದೆ ಬಂದಳು. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಕೂಸನ್ನು ಮೊಣಕೈಗಳ ನಡುವೆ ಹಿಡಿದಿದ್ದಳು. ಅದನ್ನು ಅತ್ತೆಯ ತೋಳಿಗೆ ದಾಟಿಸಿ, "ಹಾಲು ಕುಡಿಸಿದೀನಿ ಅಮ್ಮಾ, ಈಗ ಮಲಗುತ್ತೆ" ಎಂದು ಹೇಳಿ ಕೆಲಸಕ್ಕೆ ನಡೆದಳು.