ನಾನೀಮಾನ ಮನೆಗೆ ಹೋದ ಶಿಧಾ

೧೯೫೮ರ ಡಿಸೆಂಬರ್ ಇಪ್ಪತ್ತನಾಲ್ಕು, ಬುಧವಾರ, ಬೆಳಗಿನ ಐದೂವರೆ. ಸಿಂದಗಿ ತಾಲೂಕಿನ ದೇವಣಗಾಂವದ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು: ಅವ್ವ, ಅಪ್ಪ ಮತ್ತು ಹದಿನಾರು ವರ್ಷದ ಮಗಳು ನಾನು. ಅಪ್ಪ ಊರಿನ ಶಾಲೆಯ ಮಾಸ್ತರರು. ಕಂದೀಲಿನ ಬೆಳಕಿನಲ್ಲಿ ಬೈಬಲ್ ತೆರೆದು, ನೆರೆಯವರನ್ನು ಪ್ರೀತಿಸುವ ಕುರಿತ ಒಂದು ಭಾಗ ಓದಿದರು. ಅವ್ವ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಕೈ ಮಾತ್ರ ಹಿಟ್ಟು ನಾದುತ್ತಲೇ ಇತ್ತು. ಐದೂಮುಕ್ಕಾಲಿಗೆ ಕೆಲಸ ಶುರುವಾಯಿತು.

ಮರುದಿನ ಕ್ರಿಸ್ಮಸ್. ಹಬ್ಬದ ಮುಂಚಿನ ದಿನವೇ ಮನೆಮನೆಗೆ ತಿನಿಸು ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ನಮ್ಮ ಕ್ರೈಸ್ತ ಸಭೆಯ ನಾಲ್ಕು ಮನೆಗಳಿಗೆ ಕರ್ಚಿಕಾಯಿ, ಚಕಲಿ. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಉಣ್ಣದ ಮನೆಗಳಿಗೆ ಶಿಧಾ, ಅಂದರೆ ಬೇಯಿಸದ ಸಾಮಾನು: ಮೊರದಲ್ಲಿ ಗೋಧಿ, ಕಡಲೆಬೇಳೆ, ಬೆಲ್ಲ. ಅವರು ಅದನ್ನು ತಮ್ಮ ಒಲೆಯ ಮೇಲೆ ಹೋಳಿಗೆ ಮಾಡಿಕೊಂಡು ಉಣ್ಣುತ್ತಿದ್ದರು. ಬೋರ್ಡಿಂಗ್ ಶಾಲೆಯಿಂದ ಬಂದ ನನಗೆ ಇದು ಸರಿಬರುತ್ತಿರಲಿಲ್ಲ. ಹಿಂದಿನ ವರ್ಷ ಕೇಳಿಯೇ ಬಿಟ್ಟಿದ್ದೆ.

“ನಮ್ಮ ಕೈ ಅಡಗಿ ಉಣ್ಣದವರಿಗೆ ನಾವ್ಯಾಕ ಕೊಡಬೇಕವ್ವಾ?”

“ಅವರ ಒಲಿ ಮ್ಯಾಲ ಬೆಂದರೂ ಬೆಲ್ಲ ನಮ್ಮದ ಇರತೈತಿ,” ಎಂದಿದ್ದಳು ಅವ್ವ. “ಅವರು ಉಣ್ಣೂ ಹಂಗ ಕೊಡಬೇಕು. ನಮಗ ಬೇಕಾದ ಹಂಗ ಅಲ್ಲ.”

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಯಾರ ಮನೆಗೆ ಏನು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಈ ಸಲ ಆ ಜವಾಬ್ದಾರಿ ನನಗೆ ಕೊಟ್ಟಳು. ಬೋರ್ಡಿಂಗಿನಲ್ಲಿ ನಾವು ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವರು. ಎಲ್ಲಕ್ಕೂ ಯಾದಿ ಇರುತ್ತಿತ್ತು. ನಾನು ಒಂದು ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಕ್ರೈಸ್ತರ ಮನೆಗಳು, ಕರ್ಚಿಕಾಯಿ. ಬಲಕ್ಕೆ ಉಳಿದವರೆಲ್ಲ, ಶಿಧಾ.

“ಏನ ಬರದೀ, ಒಮ್ಮೆ ಓದಿ ಹೇಳ,” ಎಂದಳು ಅವ್ವ.

“ಎಲ್ಲಾ ಬರೋಬರಿ ಐತಿ ಅವ್ವಾ. ಓದೂದೇನ ಬ್ಯಾಡ,” ಎಂದು ಹಾಳೆ ಮಡಚಿಟ್ಟುಕೊಂಡೆ.

ಹತ್ತು ಗಂಟೆಯೊಳಗೆ ಹನ್ನೊಂದು ಮನೆ ಮುಗಿಸಿದೆ. ಹನ್ನೆರಡನೆಯದು ನಾನೀಮಾನ ಮನೆ.

ನಾನೀಮಾ ಊರಿನ ಸೂಲಗಿತ್ತಿ, ಮಸೀದಿ ಓಣಿಯ ಮುದುಕಿ. ಅಪ್ಪ, ಅವ್ವ ಈ ಊರಿಗೆ ಹೊಸದಾಗಿ ಬಂದಾಗ ಬಾವಿಯ ನೀರು ಮುಟ್ಟಲು ಯಾರೂ ಬಿಟ್ಟಿರಲಿಲ್ಲವಂತೆ. ಮೊದಲ ಕೊಡ ತುಂಬಿ ತಂದು ನಮ್ಮ ಕಟ್ಟೆಯ ಮೇಲಿಟ್ಟವಳು ಅವಳು. ನಾನು ಹುಟ್ಟಿದಾಗ ಅವ್ವನ ಹೆರಿಗೆ ಮಾಡಿಸಿದವಳೂ ಅವಳೇ. ಪ್ರತಿ ವರ್ಷ ಹಬ್ಬದ ಮುಂಚಿನ ದಿನ ತಾನೇ ಬಂದು ಒಲೆಯ ಮುಂದೆ ಕೂತು, ಬಾಣಲೆಯಿಂದ ತೆಗೆದ ಮೊದಲ ಕರ್ಚಿಕಾಯಿ ತಿನ್ನುತ್ತಿದ್ದಳು. ಕ್ರಿಸ್ಮಸ್ ಊಟಕ್ಕೆ ಅವಳು ಬಂದು ಕೂರುವತನಕ ಅಪ್ಪ ಪ್ರಾರ್ಥನೆಯನ್ನೇ ಶುರುಮಾಡುತ್ತಿರಲಿಲ್ಲ. ತಾನೇ ಬರುತ್ತಿದ್ದುದರಿಂದ ಅವಳ ಮನೆಗೆ ಏನನ್ನೂ ಕಳಿಸುವ ಪ್ರಸಂಗ ಬಂದಿರಲಿಲ್ಲ. ಈ ಸಲ ಪಕ್ಕದೂರಿಗೆ ಹೆರಿಗೆಗೆ ಹೋಗಿ ಬರುವಾಗ ಕಾಲು ಉಳುಕಿಸಿಕೊಂಡು ಮಲಗಿದ್ದಳು. ನನ್ನ ಗೆರೆಯ ಪ್ರಕಾರ ಅವಳು ಬಲಕ್ಕೆ ಬಂದಿದ್ದಳು.

ನಾನೀಮಾ ಕೌದಿಯ ಮೇಲೆ ಎದ್ದು ಕೂತು ಮೊರದೊಳಗೆ ನೋಡಿದಳು.

“ಇದೇನಬೇ?”

“ಗೋದಿ, ಬ್ಯಾಳಿ, ಬೆಲ್ಲ.”

“ಅದು ಕಾಣಸ್ತೈತಿ. ಕರ್ಚಿಕಾಯಿ ಎಲ್ಲದಾವ?”

“ಅವು ನಮ್ಮ ಮಂದಿ ಮನಿಗಷ್ಟ, ನಾನೀಮಾ.”

ಹೇಳಿದ ಮೇಲೆ ನಾನೇನೆಂದೆ ಎಂಬುದು ನನಗೇ ಕೇಳಿಸಿತು.

“ಹೌದನ? ಭಾಳ ಶಾಣ್ಯಾಕಿ ಆಗಿ ಬಂದಿ ಬಿಡು,” ಎಂದಳು ನಾನೀಮಾ. “ನಿನ್ನ ಹೊಕ್ಕಳ ಕೊಯ್ದಾಕಿ ನಾ. ಅವತ್ತ ನಾ ಯಾವ ಮಂದಿ ಅಂತ ನೀ ಕೇಳಲಿಲ್ಲ; ಬರೇ ಒದರಾಕತ್ತಿದ್ದಿ. ಮೊರ ತಗೊಂಡ ನಡಿ. ನಾಳಿ ನನ್ನ ಹಾದಿ ನೋಡಬ್ಯಾಡ ಅಂತ ನಿಮ್ಮವ್ವಗ ಹೇಳು.”

ಮೊರ ಹೊತ್ತುಕೊಂಡೇ ಮನೆಗೆ ಬಂದೆ. ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವ್ವ ಲಟ್ಟಣಿಗೆ ಕೆಳಗಿಟ್ಟಳು. ಅವಳ ಮುಖ ಅಷ್ಟು ಬಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಆಪಾ ಸಿಟ್ಟಿಗೆದ್ದಳೋ, ಅತ್ತಳೋ?” ಎಂದಳು. ನಾನೀಮಾನನ್ನು ಅವ್ವ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು.

“ಸಿಟ್ಟಿಗೆದ್ದಳು.”

“ಹಂಗಾದರ ಇನ್ನೂ ಬಾಗಿಲ ಹಾಕಿಲ್ಲ,” ಎಂದಳು ಅವ್ವ. ತಾಟಿನಲ್ಲಿ ಕರ್ಚಿಕಾಯಿ ಜೋಡಿಸತೊಡಗಿದಳು. “ಇವನ್ನ ಕೊಟ್ಟು ಕಾಲಿಗೆ ಬಿದ್ದು ಬಾ.”

ನಾನು ತಾಟು ಮುಟ್ಟಲಿಲ್ಲ. ಮೊರದ ಬದಲು ತಾಟು ಹಿಡಿದು ಅದೇ ಹೊಸ್ತಿಲಲ್ಲಿ ನಿಂತರೆ, ಯಾದಿಯಲ್ಲಿ ತಿದ್ದುಪಡಿ ಮಾಡಿದಂತೆ ಆಗುತ್ತದೆ ಅನ್ನಿಸಿತು. ಅವಳ ಒಲೆಯ ಮೇಲೆಯೇ ಕರಿಯೋಣವೆಂದು ನಾದಿದ ಹಿಟ್ಟಿನ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಅವ್ವ ನನ್ನನ್ನು ಒಂದು ಗಳಿಗೆ ನೋಡಿ, ಹೂರಣದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಆ ನೋಟಕ್ಕೆ ಸಮನಾದ ಮೆಚ್ಚುಗೆ ನನಗೆ ಆಮೇಲೆ ಯಾವ ಪರೀಕ್ಷೆಯಲ್ಲೂ ಸಿಗಲಿಲ್ಲ.

ನಾನೀಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಒಳಗೆ ಹೋಗಿ ಅವಳ ಒಲೆ ಹೊತ್ತಿಸಿದೆ.

“ಎಣ್ಣಿ ಎಲ್ಲಿಟ್ಟೀ?”

ನಾನೇ ಹುಡುಕಿ ಬಾಣಲೆಗೆ ಸುರಿದೆ. ಹಿಟ್ಟು ಲಟ್ಟಿಸಿ, ಹೂರಣ ತುಂಬಿ ಮಡಚಿದೆ. ಬೋರ್ಡಿಂಗಿನಲ್ಲಿ ಹೊಲಿಗೆ ಕಲಿಸಿದ್ದರು, ಕರ್ಚಿಕಾಯಿ ಕಲಿಸಿರಲಿಲ್ಲ. ಮೊದಲನೆಯದು ಎಣ್ಣೆಯಲ್ಲಿ ಬಾಯಿ ಬಿಟ್ಟು ಕೊಬ್ಬರಿಯೆಲ್ಲ ಕರಕಾಯಿತು. ಎರಡನೆಯದೂ ಅಷ್ಟೇ.

ವಾಸನೆ ಮುದುಕಿಯನ್ನು ಎಬ್ಬಿಸಿತು.

“ಏ, ಅಂಚು ಹಂಗ ಒತ್ತತಾರೇನ? ನನ್ನ ಎಣ್ಣಿ ಹಾಳ ಮಾಡಾಕ ಬಂದಿ ಏನು? ಸರಿ ಅತ್ತಾಗ!”

ಕುಂಡಿಯ ಮೇಲೆ ಜರುಗುತ್ತಲೇ ಒಲೆಯ ತನಕ ಬಂದಳು. ಹೆಬ್ಬೆರಳಿನಿಂದ ಅಂಚನ್ನು ಚಿಕ್ಕಚಿಕ್ಕ ನೆರಿಗೆಯಾಗಿ ಮಡಚುತ್ತ ಹೋದಳು. ಊರಿನ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿದ ಕೈ. ಅವಳದು ಒಂದೂ ಬಾಯಿ ಬಿಡಲಿಲ್ಲ.

“ನನ್ನ ತಪ್ಪಾತು ನಾನೀಮಾ.”

“ತಪ್ಪು ಹೌದು. ಉರಿ ಸಣ್ಣ ಮಾಡು.”

ಮೊದಲು ಬೆಂದದ್ದನ್ನು ಮುರಿದು ಅರ್ಧ ತಾನು ತಿಂದಳು, ಅರ್ಧ ನನ್ನ ಬಾಯಿಗೆ ತುರುಕಿದಳು. ನಾಲಿಗೆ ಸುಟ್ಟಿತು.

“ನಾಳೆ ಬರತೀ ಹೌದಿಲ್ಲೊ?”

“ಕಾಲು ಊರಾಕ ಬರವಲ್ಲದು. ನಿಮ್ಮಪ್ಪ ಹೆಗಲ ಮ್ಯಾಲ ಹೊರತಾನೇನು?”

ಸಂಜೆ ನಾಲ್ಕಕ್ಕೆ ಅಪ್ಪ ಎದುರುಮನೆಯ ಗೌಡರ ಹತ್ತಿರ ಚಕ್ಕಡಿ ಕೇಳಲು ಹೋದರು, ನಾನೂ ಜೊತೆಗಿದ್ದೆ. ಅದು ಶಿಧಾ ಹೋದ ಮನೆ. ಒಳಗಿನಿಂದ ನಮ್ಮ ಬೆಲ್ಲದ ಹೋಳಿಗೆಯ ವಾಸನೆ ಬರುತ್ತಿತ್ತು.

“ಯಾಕ ಕೇಳತೀರಿ ಮಾಸ್ತರ?” ಎಂದರು ಗೌಡರು. “ನಮ್ಮ ಮೂರೂ ಹುಡುಗರನ್ನ ಹಡಸಿದಾಕಿ ಆಕಿ. ಎತ್ತು ನಾನ ಹೂಡಿಕೊಂಡ ಬರ್ತೇನಿ. ಕಣಕಿ ಹಾಸಿ ಮ್ಯಾಲ ಜಮಖಾನಿ ಹಾಕತೇನಿ, ಕಾಲು ಅಲುಗೂದಿಲ್ಲ.”

ನಮ್ಮ ಮನೆಯ ನೀರನ್ನೂ ಕುಡಿಯದ ಮನುಷ್ಯ ನಮ್ಮ ಹಬ್ಬದ ಅತಿಥಿಯನ್ನು ಕರೆತರಲು ಒಪ್ಪಿಕೊಂಡಿದ್ದ. ಮೊರ ಹೊತ್ತು ಆ ಬಾಗಿಲಿಗೆ ಹೋಗುವಾಗ ನನಗಿದ್ದ ಅಸಮಾಧಾನ ಅವತ್ತಿಗೆ ಪೂರ್ತಿ ಹೋಯಿತು ಎನ್ನಲಾರೆ. ಆದರೆ ಮನೆಗೆ ಮರಳುವಾಗ ಅಕ್ಷರ ಬಾರದ ಅವ್ವನ ಬಗ್ಗೆ ನನ್ನ ಎದೆ ಉಬ್ಬಿತ್ತು.

ಆರು ಗಂಟೆಗೆ ಬೆಳಗಿನ ಯಾದಿಯನ್ನು ಒಲೆಗೆ ಹಾಕಿ, ಹೊಸ ಹಾಳೆ ತೆಗೆದು ಅವ್ವನ ಎದುರು ಕೂತೆ. ಅವತ್ತು ಮುಟ್ಟಿಸಲಾಗದೆ ಉಳಿದ ಏಳು ಮನೆಗಳಿಗೆ ಬೆಳಿಗ್ಗೆ ಆರಾಧನೆಗೆ ಮುಂಚೆ ಹೋಗಬೇಕಿತ್ತು. ಈ ಸಲ ಗೆರೆ ಎಳೆಯಲಿಲ್ಲ. ಅವ್ವ ಒಂದೊಂದೇ ಮನೆ ಹೇಳಿದಳು: ಬಡಿಗೇರ ಅಜ್ಜನಿಗೆ ಹಲ್ಲಿಲ್ಲ, ಅವನಿಗೆ ಮೆತ್ತನ್ನ ಬಾಳೆಹಣ್ಣು. ಕೆರೆಯ ಕಡೆಯ ಮನೆಯಲ್ಲಿ ಮೊನ್ನೆ ಸಾವಾಗಿದೆ, ಅಲ್ಲಿಗೆ ಸಿಹಿ ಬೇಡ, ಹೋಗಿ ಸ್ವಲ್ಪ ಹೊತ್ತು ಕೂತು ಬಾ. ಬಾಣಂತಿಗೆ ಕೊಬ್ಬರಿ, ತುಪ್ಪ. ಅವಳು ಹೇಳಿದ ಹಾಗೆ ನಾನು ಬರೆದೆ. ಬರೆದು ಮುಗಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹೇಳಿದೆ.

ಮೊದಲ ಸಾಲಿನಲ್ಲಿ ಇದ್ದದ್ದು: ನಾನೀಮಾ, ಹತ್ತು ಗಂಟೆಗೆ, ಚಕ್ಕಡಿ.

“ಈಗ ಬರೋಬರಿ ಐತಿ,” ಎಂದಳು ಅವ್ವ. ಮಸಿಕುಡಿಕೆಯ ಮುಚ್ಚಳ ಬಿಗಿದು ಗೂಡಿನಲ್ಲಿಟ್ಟೆ. ಆಗ ಏಳು ಗಂಟೆ.