ದೊಡ್ಡಮಾದಮ್ಮನವರ ಖಾತೆಯನ್ನು ಅಳಿಸದ ಷಡಕ್ಷರಿಯವರು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಥೆಗಳನ್ನು ಸಂಗ್ರಹಿಸಿದ ನಮ್ಮಂಥವರ ಹೆಸರು ಪುಸ್ತಕಗಳ ಮೇಲೆ ಅಚ್ಚಾಗುತ್ತದೆ; ಆ ಕಥೆಗಳಿರುವ ಯಂತ್ರದ ಬಾಗಿಲು ಕಾಯ್ದವರ ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ. ಕೊಳ್ಳೇಗಾಲದ ನಮ್ಮ ಕಥಾಸಂಗ್ರಹ ಕೇಂದ್ರದ ಲಿನಕ್ಸ್ ಕಂಪ್ಯೂಟರುಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡು ಕಳೆದ ತಿಂಗಳು ನಿವೃತ್ತರಾದ ಶ್ರೀ ಷಡಕ್ಷರಿಯವರು ಅಂಥವರು. ಹೆಸರು, ಪಾಸ್‌ವರ್ಡ್ ಕೇಳಿ ಒಳಬಿಡುವ ಲಾಗಿನ್ ತಂತ್ರಾಂಶವನ್ನು ಕೆಡದಂತೆ ಕಾಪಾಡುವುದೂ ಅಗತ್ಯಕ್ಕೆ ತಕ್ಕಂತೆ ಬೆಳೆಸುವುದೂ ಅವರ ಕಾಯಕವಾಗಿತ್ತು.

ಅಗರದ ಕಥೆಗಾರ್ತಿ ದೊಡ್ಡಮಾದಮ್ಮನವರು, ತಾವು ಎದುರಿಗಿಲ್ಲದೆ ಯಾರೂ ಕೇಳಕೂಡದೆಂಬ ಷರತ್ತಿನ ಮೇಲೆ, ನಮಗೆ ಹದಿನೇಳು ಕಥೆ ಹೇಳಿದ್ದರು; ಆ ಧ್ವನಿಮುದ್ರಣಗಳನ್ನು ಆಕೆಯ ಹೆಸರಿನ ಖಾತೆಯಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಅವರಿಗೆ ಓದು ಬಾರದು. ಪಾಸ್‌ವರ್ಡ್ ಕೇಳಿದ ಪರದೆಯನ್ನು ನೋಡಿ, "ಇಷ್ಟ್ ದಿನ ಬಂದಿವ್ನಿ, ನನ್ ಮಕದ ಗುರ್ತು ಸಿಕ್ಕಲ್ವ ಇದ್ಕೆ? ನಮ್ಮಟ್ಟಿ ನಾಯೇ ವಾಸಿ ಕಣ್ರಿ ಸಾ," ಎಂದರು. ಷಡಕ್ಷರಿಯವರು ನಕ್ಕು ಸುಮ್ಮನಾಗಲಿಲ್ಲ. ಮೂರು ತಿಂಗಳು ದುಡಿದು, ಪರದೆಯ ಮೇಲೆ ಆಕೆಯ ಭಾವಚಿತ್ರ ಮೂಡುವಂತೆಯೂ, ಅದರ ಕೆಳಗಿನ ಹನ್ನೆರಡು ಚಿತ್ರಗಳಲ್ಲಿ ನಾಲ್ಕನ್ನು ಆಕೆಗೆ ಮಾತ್ರ ಗೊತ್ತಿರುವ ಕ್ರಮದಲ್ಲಿ ಮುಟ್ಟಿದರೆ ಕಥೆಗಳ ಬೀಗ ತೆರೆಯುವಂತೆಯೂ ಮಾಡಿದರು. ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಕೆ ಬಂದು ಬೀಗ ತೆರೆದು, ಕೇಳುವವರ ಎದುರು ಕೂರುತ್ತಿದ್ದರು.

ಆ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಮುಂದಿನದು ನಾನು ಕಣ್ಣಾರೆ ಕಂಡದ್ದು. ಆಕೆ ತೀರಿಕೊಂಡ ಮರುಗುರುವಾರ ಹನ್ನೊಂದಕ್ಕೆ ಖಾಲಿ ಕುರ್ಚಿಯ ಮುಂದೆ ಪರದೆ ತಾನಾಗಿ ಬೆಳಗಿತು. ಆಕೆಯ ಮುಖ ಮೂಡಿತು. ಬೆರಳೊತ್ತಿದಾಗ ಆಗುವಂತೆಯೇ ಮೂರು ಚಿತ್ರಗಳು ಒಂದಾದ ಮೇಲೊಂದು ಕಪ್ಪಾದವು. ನಾಲ್ಕನೆಯದು ಆಗಲಿಲ್ಲ. ವಾರವಾರವೂ ಹೀಗೆಯೇ. ಷಡಕ್ಷರಿಯವರು ಪರದೆ ಬದಲಿಸಿದರು, ನೆಟ್‌ವರ್ಕ್ ತಂತಿ ಕಿತ್ತರು, ಯಂತ್ರ ಬರೆದಿಟ್ಟುಕೊಳ್ಳುವ ದಾಖಲೆಯ ಸಾಲುಸಾಲನ್ನೂ ಓದಿದರು. ಕೊನೆಗೆ ತಮ್ಮ ಪುಸ್ತಕದಲ್ಲಿ "ಕಾರಣ ತಿಳಿದಿಲ್ಲ" ಎಂದು ಬರೆದರು. ಉಳಿದ ಒಂಬತ್ತರಲ್ಲಿ ಒಂದನ್ನು ಊಹಿಸಿ ಮುಟ್ಟಿಬಿಡಿ ಎಂದು ನಾನೇ ಹೇಳಿದೆ. "ಬೇರೆಯವ್ರ ಮನೆ ಚಿಲ್ಕ ಅದು," ಎಂದರು.

ಅಷ್ಟರಲ್ಲಿ, ತಂತ್ರಾಂಶ ಹೊಸದಾಗುವಾಗ ಮೃತರ ಖಾತೆಗಳನ್ನು ಅಳಿಸತಕ್ಕದ್ದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಖಾತೆ ಹೋದರೆ ಕಥೆಗಳೂ ಹೋಗುತ್ತಿದ್ದವು. ಕಾಮಗೆರೆಯಲ್ಲಿರುವ ಮಗಳು ಸೋಮಮ್ಮನವರಿಗೆ ತಾಯಿಯ ದನಿ ಬೇರೆಲ್ಲಿಯೂ ಉಳಿದಿರಲಿಲ್ಲ. ಷಡಕ್ಷರಿಯವರು ಆರು ತಿಂಗಳ ಗಡುವು ಬೇಡಿ, ಹೊಸ ತಂತ್ರಾಂಶದ ಪಕ್ಕದಲ್ಲಿಯೇ ಹಳೆಯದನ್ನೂ ಕೈಯಾರೆ ತಿದ್ದಿ ನಡೆಸಿದರು.

ಗಡುವಿನ ಕೊನೆಯ ಗುರುವಾರ ಸೋಮಮ್ಮನವರನ್ನು ಕರೆಸಿದರು. ಮೂರು ಚಿತ್ರ ಕಪ್ಪಾಗಿ ನಿಂತಾಗ ಆಕೆ ನಮ್ಮಿಬ್ಬರನ್ನೂ ನೋಡಿ, "ಏನ್ಸಾ, ಇಷ್ಟ್ ತಿಂಗ್ಳಿಂದ ಸುಮ್ಕೆ ನೋಡ್ತಾ ಕುಂತಿದ್ರಾ? ಊಂ ಅನ್ನವ್ರಿಲ್ದೆ ನಮ್ಮವ್ವ ಯಾವತ್ತು ಮುಂದ್ಕೋಯ್ತಿತ್ತು?" ಎಂದರು. ಹೂಂಗುಟ್ಟುವವರಿಲ್ಲದೆ ಕಥೆ ಸಾಗದೆಂಬುದನ್ನು, ಮೂವತ್ತು ವರ್ಷ ಕಥೆ ಕೇಳಿದ ನಾನು ಮರೆತಿದ್ದೆ. ಆಕೆ ಖಾಲಿ ಕುರ್ಚಿಯ ಕಡೆ ತಿರುಗಿ, "ಊಂ," ಎಂದರು.

ನಾಲ್ಕನೆಯ ಚಿತ್ರ ಕಪ್ಪಾಯಿತು. ಬೀಗ ತೆರೆಯಿತು.

ಆಗಲೂ ಷಡಕ್ಷರಿಯವರು ಹಳೆಯ ಷರತ್ತನ್ನು ನೆನೆದು ಕೈ ತಡೆದರು. "ಅವ್ವ ಕುಂತದಲ್ಲ ಸಾ, ಕೇಳ್ಸಿ," ಎಂದರು ಸೋಮಮ್ಮ.

ಮಂಡಳಿ ಖಾತೆಯನ್ನು ಉಳಿಸಿತು. ಕಥೆಗಳ ಎಣಿಕೆ ಈಗ ಹತ್ತೊಂಬತ್ತು; ಕಡೆಯ ಎರಡರ ದನಿಯೂ ದೊಡ್ಡಮಾದಮ್ಮನವರದೇ, ಆದರೆ ಅವನ್ನು ಧ್ವನಿಮುದ್ರಿಸಿದವರು ನಮ್ಮಲ್ಲಿ ಯಾರೂ ಅಲ್ಲ. ಷಡಕ್ಷರಿಯವರು ನೂರ್ಕಾಲ ಬಾಳಲೆಂದು ಹಾರೈಸುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ನಿವೃತ್ತಿಯ ನಂತರವೂ ಅವರು ಗುರುವಾರ ಹನ್ನೊಂದಕ್ಕೆ ತಪ್ಪದೆ ಬರುತ್ತಾರೆ. ಆ ಕುರ್ಚಿಗೆ ಹೂಂಗುಟ್ಟುವ ಧೈರ್ಯ ನಮ್ಮ ಕೇಂದ್ರದಲ್ಲಿ ಇನ್ನಾರಿಗೂ ಇಲ್ಲ.