ನಾಲ್ಕು ಧಾರೆಯ ಭರಚುಕ್ಕಿ

ಕೊಳ್ಳೇಗಾಲದಲ್ಲಿ ನಾನು ಮೂವತ್ತು ವರ್ಷಗಳಿಂದ ಬೋರ್ಡ್ ಬರೆಯುತ್ತಿದ್ದೇನೆ. ರೇಷ್ಮೆ ಸೀರೆ ಅಂಗಡಿ, ಟೈಲರ್ ಅಂಗಡಿ, ಲಾರಿಯ ಹಣೆ, ಶಾಲೆಯ ಗೋಡೆ, ಎಲ್ಲ ಕಡೆಯೂ ನನ್ನ ಅಕ್ಷರಗಳಿವೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಆದರೂ ಗೋಡೆಯ ಮೇಲೆ ಚಿತ್ರ ಬೇಕು ಅನ್ನುವವರು ಇನ್ನೂ ಹುಡುಕಿಕೊಂಡು ಬರುತ್ತಾರೆ. ಭರಚುಕ್ಕಿಗೆ ದಾರಿ, ಬಿಳಿಗಿರಿರಂಗನ ಬೆಟ್ಟಕ್ಕೆ ದಾರಿ ಅಂತ ಹೋಟೆಲ್ಲು, ಲಾಡ್ಜುಗಳ ಮುಂದೆ ಎಷ್ಟು ಬಾಣದ ಗುರುತು ಹಾಕಿದ್ದೇನೋ ನೆನಪಿಲ್ಲ. ಆ ಬಾಣಗಳು ತೋರಿಸುವ ಕಡೆಗೆ ನಾನು ಒಂದು ದಿನವೂ ಹೋಗಿರಲಿಲ್ಲ. ಹುಟ್ಟಿದ್ದು ಮುಳ್ಳೂರಿನಲ್ಲಿ, ಮದುವೆಯಾದದ್ದು ರಾಮಾಪುರದ ಹೆಣ್ಣನ್ನು. ಮಾದಪ್ಪನ ಬೆಟ್ಟ ಒಂದು ಬಿಟ್ಟರೆ ನಾವಿಬ್ಬರೂ ನೋಡಿದ ಜಾಗ ಅಂತ ಯಾವುದೂ ಇರಲಿಲ್ಲ. ಇಲ್ಲೇ ಇದೆಯಲ್ಲ, ಯಾವಾಗಲಾದರೂ ಹೋದರಾಯಿತು ಅನ್ನುತ್ತಲೇ ವಯಸ್ಸು ಐವತ್ತು ದಾಟಿತ್ತು.

ಎರಡು ವರ್ಷದ ಹಿಂದೆ ಒಂದು ಲಾಡ್ಜಿನ ಮಾಲೀಕರು ಕರೆಸಿ, ಊಟದ ಹಾಲಿನ ಗೋಡೆಯ ಮೇಲೆ ನಮ್ಮ ಸೀಮೆಯ ಜಾಗಗಳ ಚಿತ್ರ ಬರೆಯಲು ಹೇಳಿದರು. "ಹೊರಗಡೆಯಿಂದ ಬರೋರು ನೋಡ್ಬುಟ್ಟು ಓಹೋ ಅನ್ಬೇಕು ಕಣಪ್ಪ" ಅಂದರು. ಮೊದಲು ಭರಚುಕ್ಕಿ. ನಾನು ಮನೆಯಲ್ಲಿದ್ದ, ಯಾವುದೋ ಜಲಪಾತದ ಚಿತ್ರದ ಒಂದು ಹಳೆಯ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ಹಸಿರು ಬೆಟ್ಟದಿಂದ ನಾಲ್ಕು ಬಿಳಿ ಧಾರೆಗಳು ಇಳಿಯುವ ಚಿತ್ರವನ್ನು ಆರು ದಿನ ಕೂತು ಬರೆದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಭರಚುಕ್ಕಿ" ಅಂತ ಬರೆದೆ. ಪಕ್ಕದಲ್ಲಿ ಸಣ್ಣದಾಗಿ ನನ್ನ ಹೆಸರು.

ಅದರ ಮಾರನೆಯ ದಿನ ಏಣಿಯ ಮೇಲೆ ನಿಂತು ಅಂಚು ತಿದ್ದುತ್ತಿದ್ದಾಗ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಊಟಕ್ಕೆ ಬಂತು. ಅವರಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ಇಳಕಲ್ ಸೀರೆಯ ಸೆರಗು ಇನ್ನೂ ಒದ್ದೆಯಾಗಿತ್ತು. ಅವರು ಗೋಡೆಯ ಮುಂದೆ ಬಂದು ನಿಂತರು.

"ತಮ್ಮಾ, ಇದು ಯಾವ ಫಾಲ್ಸು?"

"ಭರಚುಕ್ಕಿ, ಅಮ್ಮಾ."

"ಅಲ್ಲೋ ತಮ್ಮಾ, ನಾವು ಈಗ ಅಲ್ಲಿಂದನ ಬಂದೇವಿ. ಅಲ್ಲಿ ನಾಕು ಧಾರಿ ಎಲ್ಲಿ ಅದಾವ? ಇದು ಜೋಗ ಐತಿ. ನೀ ಭರಚುಕ್ಕಿ ನೋಡಿಯಿಲ್ಲೋ?"

ಹಾಲಿನಲ್ಲಿ ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಸುಳ್ಳು ಹೇಳಿದೆ. "ನೋಡಿವ್ನಿ ಅಮ್ಮಾ. ಬ್ಯಾಸಗೇಲಿ ಇಂಗೇ ಕಾಣ್ತದೆ."

ಅಜ್ಜಿ ನನ್ನ ಮಾತನ್ನು ನಂಬಿಬಿಟ್ಟರು. "ಹೌದೇನು? ನಿಮ್ಮೂರಿಂದು ನಿಮಗ ಗೊತ್ತಿರತೈತಿ ಬಿಡು" ಅಂತ ಹೋಗಿ ಊಟಕ್ಕೆ ಕೂತರು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾನು ಬ್ರಷ್ ತೊಳೆದು, ಬೇಗನೆ ಮನೆಗೆ ಹೋದೆ.

ನಡೆದದ್ದನ್ನು ಹೆಂಡತಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಎಷ್ಟ್ ದೂರ ಅದು?"

"ಸತ್ತೇಗಾಲ ದಾಟುದ್ರೆ ಸಿಕ್ತದೆ. ಬೈಕಲ್ಲಿ ಅರ್ಧ ಗಂಟೆ."

"ಅರ್ಧ ಗಂಟೆ ದಾರೀಗೆ ಮೂವತ್ತೊರ್ಷ ತಕಂಡ್ರಲ್ಲ! ನಾಳೀಕೇ ಓಗದು, ಬುಡಿ."

ಶ್ರಾವಣ ಮಾಸ. ಕನ್ನಂಬಾಡಿಯೂ ಕಬಿನಿಯೂ ತುಂಬಿ, ಎರಡರಿಂದಲೂ ನೀರು ಬಿಟ್ಟಿದ್ದರು. ಬೈಕ್ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಸದ್ದು ನಿಲ್ಲಲಿಲ್ಲ. ಹಿಂದೆ ಯಾವುದೋ ಲಾರಿ ಬಂತೇನೋ ಅಂತ ತಿರುಗಿ ನೋಡಿದೆ. ರಸ್ತೆ ಖಾಲಿಯಾಗಿತ್ತು. ಸದ್ದು ಕಾಲಿನ ಕೆಳಗಿನ ನೆಲದಿಂದ ಬರುತ್ತಿತ್ತು. ಹತ್ತು ಹೆಜ್ಜೆ ನಡೆದು ಕಟಕಟೆಯ ಹತ್ತಿರ ಹೋದೆವು.

ನನ್ನ ಕೈಗಳು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ಎದುರಿಗೆ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ, ಕತ್ತು ತಿರುಗಿಸಿದಷ್ಟೂ, ಬಂಡೆಯೇ ನೀರಾಗಿ ಬೀಳುತ್ತಿತ್ತು. ನಾಲ್ಕು ಧಾರೆ ಎಲ್ಲಿಯ ಮಾತು! ನಾನು ಎಡಗಡೆಯಿಂದ ಎಣಿಸಲು ಶುರು ಮಾಡಿದೆ. ಹನ್ನೊಂದಕ್ಕೆ ಬರುವಷ್ಟರಲ್ಲಿ ಒಂದು ಧಾರೆ ಎರಡಾಗಿ, ಪಕ್ಕದ ಮೂರು ಸೇರಿ ಒಂದಾದವು. ಕೈಬಿಟ್ಟೆ. ನೀರಿನ ನಡುವೆ ಮರಗಳು ನಿಂತಿದ್ದವು. ಸುತ್ತಲೂ ಹೊಳೆ ಮುರಿದುಕೊಂಡು ಬೀಳುತ್ತಿದ್ದರೂ ಅವು ಎಲೆ ಅಲುಗಿಸುತ್ತಾ ನಿಂತೇ ಇದ್ದವು. ನೀರಿನ ಬಣ್ಣ ಬಿಳಿಯಲ್ಲ. ಮೇಲೆ ಕೆಮ್ಮಣ್ಣು, ನಡುವೆ ಬೆಲ್ಲದ ಕಾಫಿಯ ಬಣ್ಣ, ಕೆಳಗೆ ಬಿದ್ದು ಚೂರಾದ ಕಡೆ ಮಾತ್ರ ಹಾಲು. ಅದರ ಮೇಲೆ ಹೊಗೆಯಂತೆ ಎದ್ದ ಹನಿಗಳಿಗೆ ಯಾವ ಬಣ್ಣದ ಡಬ್ಬಿ ತೆಗೆಯಬೇಕೋ ನನಗೆ ಈಗಲೂ ತಿಳಿಯದು.

ಹೆಂಡತಿ ಏನೋ ಹೇಳಿದಳು. ಕೇಳಿಸಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಕೂಗಿದಳು, "ಇದೆಲ್ಲ ನಮ್ ಕಾವೇರಿಯೇನಾ? ದಾಸನಪುರದತ್ರ ಬಟ್ಟೆ ಒಗ್ದಿದ್ನಲ್ಲ, ಅದೇ ನೀರಾ?"

"ಅದೇಯಾ."

"ಅಲ್ಲಿ ಎಷ್ಟ್ ಸಾಧುವಾಗಿತ್ತು ಕಣ್ರಿ!"

ಎರಡು ಗಂಟೆ ನಿಂತಿದ್ದೆವು. ಚೀಲದಲ್ಲಿ ಹಾಳೆ, ಪೆನ್ಸಿಲ್ ಇತ್ತು. ತೆಗೆಯಲಿಲ್ಲ. ಹೊರಡುವ ಹೊತ್ತಿಗೆ ಇಬ್ಬರ ಬಟ್ಟೆಯೂ ನೆನೆದು ಮೈಗೆ ಅಂಟಿಕೊಂಡಿತ್ತು.

ಗೋಡೆಗೆ ಬೇಕಾದ ಮಿಕ್ಕ ಜಾಗಗಳನ್ನಾದರೂ ನೋಡಿಯೇ ಬರೆಯೋಣ ಅಂತ ಆ ವಾರವೇ ಬಸ್ಸು ಹತ್ತಿ ಯಳಂದೂರಿಗೆ ಹೋದೆವು. ಅಲ್ಲಿನ ಬಳೆ ಮಂಟಪದ ಮೂಲೆಯಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಸೇರಿ ಸರಪಣಿಯಾಗಿ ತೂಗುತ್ತವೆ. ನಾನು ಬೆಸುಗೆಯ ಗುರುತು ಹುಡುಕುತ್ತಾ ಕತ್ತೆತ್ತಿಕೊಂಡು ಕಂಬ ಸುತ್ತಿದೆ. ಜಗಲಿಯಲ್ಲಿ ಕೂತಿದ್ದ ಮುದುಕರೊಬ್ಬರು ನೋಡಿ ನಕ್ಕರು. "ಎಷ್ಟ್ ಸುತ್ತುದ್ರೂ ಸಿಕ್ಕಲ್ಲ ಸಾ. ಒಂದೇ ಕಲ್ಲು. ಒಳ್ಗಿಂದ್ಲೇ ಕೊರ್ದು ಬಿಡಿಸವ್ನೆ."

ನನ್ನ ಕೈ ತಪ್ಪಿದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುತ್ತೇನೆ. ಆ ಮನುಷ್ಯನ ಉಳಿ ಒಂದು ಸಲ ಜಾರಿದ್ದರೆ ಅಷ್ಟೂ ದಿನದ ಕೆಲಸ ಮುರಿದು ಬೀಳುತ್ತಿತ್ತು. ಅವನು ಕೊನೆಯ ಬಳೆಯನ್ನು ಬಿಡಿಸುವಾಗ ಉಸಿರು ಹೇಗೆ ಬಿಟ್ಟಿರಬಹುದು? ಅವನ ಹೆಸರೇನು ಅಂತ ಮುದುಕರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ ಅಂದರು.

ಯಳಂದೂರಿನಿಂದ ಬೆಟ್ಟದ ಬಸ್ಸು. ಬಿಳಿಗಿರಿರಂಗನ ಬೆಟ್ಟದಲ್ಲಿ ಅನುಮತಿ ಪಡೆದು, ಒಬ್ಬ ಸೋಲಿಗರ ಹಿರಿಯರ ಜೊತೆ ಜೀಪಿನಲ್ಲಿ ದೊಡ್ಡ ಸಂಪಿಗೆ ಮರ ನೋಡಲು ಹೊರಟೆವು. ಜೀಪು ನಿಲ್ಲಿಸಿ ಕಾಲುದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆವು. ಹಿರಿಯರು ಇದ್ದಕ್ಕಿದ್ದಂತೆ ಕೈ ಎತ್ತಿದರು.

"ಮಾತಾಡ್ಬೇಡಿ. ಆನೆ ಅದೆ."

ಏನೂ ಕಾಣಲಿಲ್ಲ. ಹಸಿರು, ಅದರ ಹಿಂದೆ ಇನ್ನೂ ಹಸಿರು. ಆಮೇಲೆ ಬಹಳ ಹತ್ತಿರದಲ್ಲಿ ಬಿದಿರು ಲಟಕ್ಕನೆ ಮುರಿಯಿತು. ಏನೋ ದೊಡ್ಡದು ದೀರ್ಘವಾಗಿ ಉಸಿರು ಬಿಟ್ಟಿತು. ಮನೆಯಲ್ಲಿ ಒಂದು ನಿಮಿಷವೂ ಸುಮ್ಮನಿರದ ನನ್ನ ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡು ಕಲ್ಲಿನಂತೆ ನಿಂತಿದ್ದಳು. ಮುರಿಯುವ ಸದ್ದು ನಿಧಾನವಾಗಿ ಇಳಿಜಾರಿನ ಕಡೆಗೆ ಸರಿಯಿತು. ಎಷ್ಟೋ ಹೊತ್ತಾದ ಮೇಲೆ ಹಿರಿಯರು ಕೈ ಇಳಿಸಿ, "ಓಯ್ತು. ಅದರ ದಾರಿ, ಮೊದ್ಲು ಅದು ಓಗ್ಲಿ" ಅಂದರು.

ಮರದ ಹತ್ತಿರ ಬಂದಾಗ ಅವರು ಚಪ್ಪಲಿ ಬಿಟ್ಟರು. ನಾವೂ ಬಿಟ್ಟೆವು. ಅದು ಮರ ಅನ್ನುವುದು ನನಗೆ ತಕ್ಷಣ ಹೊಳೆಯಲಿಲ್ಲ. ಬುಡ ಒಂದು ಕೋಣೆಯಷ್ಟು ಅಗಲ. ಬೇರುಗಳು ಮಲಗಿದ ಎಮ್ಮೆಗಳ ಬೆನ್ನಿನ ಹಾಗೆ ಎದ್ದಿದ್ದವು. ಬುಡದಲ್ಲಿ ಸೋಲಿಗರು ಪೂಜೆ ಮಾಡುವ ಕಲ್ಲುಗಳು. ಮೇಲೆ ನೋಡಿದರೆ ಕೊಂಬೆಗಳು ಒಂದನ್ನೊಂದು ದಾಟಿ ದಾಟಿ ಎಲ್ಲೋ ಬೆಳಕಿನಲ್ಲಿ ಕರಗಿದ್ದವು.

"ಎಷ್ಟ್ ವರ್ಷದ್ದು ಯಜಮಾನ್ರೇ?" ಹೆಂಡತಿ ಪಿಸುಮಾತಿನಲ್ಲಿ ಕೇಳಿದಳು.

"ಓದಿರೋರು ಒಬ್ಬೊಬ್ರು ಒಂದೊಂದ್ ಏಳ್ತಾರೆ ಕಣವ್ವ. ನಮ್ಮಜ್ಜನ ಅಜ್ಜ ಕೂಸಾಗಿದ್ದಾಗ್ಲೂ ಇದು ಮುದುಕನೇಯಾ."

ಅವಳು ಬೇರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಏನು ಬೇಡಿಕೊಂಡೆ ಅಂತ ಬಸ್ಸಿನಲ್ಲಿ ಕೇಳಿದೆ. "ಏನೂ ಇಲ್ಲ. ತಣ್ಣಗಿತ್ತು" ಅಂದಳು.

ವಾಪಸು ಬಂದವನೇ ಲಾಡ್ಜಿನ ಮಾಲೀಕರ ಮುಂದೆ ನಿಂತು, ಭರಚುಕ್ಕಿಯ ಚಿತ್ರವನ್ನು ಅಳಿಸಿ ಮತ್ತೆ ಬರೆಯುತ್ತೇನೆ ಅಂದೆ. ಅವರು ಒಪ್ಪಲಿಲ್ಲ. "ಚೆಂದಾಗೇ ಅದಲ್ಲಪ್ಪ. ಮುದ್ದೆ ಉಣ್ಣಕೆ ಬಂದೋರು ಧಾರೆ ಎಣಿಸ್ತಾರಾ?"

"ಒಬ್ಬ್ರು ಎಣಿಸುದ್ರು ಸಾ. ಅವ್ರಿಗೆ ಸುಳ್ಳು ಏಳ್ಬುಟ್ಟಿವ್ನಿ."

ಮಾಲೀಕರು ನನ್ನ ಮುಖವನ್ನೇ ನೋಡಿ, ಕೊನೆಗೆ ಬೀಗದ ಕೈ ಕೊಟ್ಟರು. ಹನ್ನೆರಡು ದಿನ ಹಿಡಿಯಿತು. ಹೊಸ ಜಲಪಾತದಲ್ಲಿ ಬಿಳಿ ಕಡಿಮೆ, ಕೆಂಪು ಹೆಚ್ಚು. ಗೋಡೆ ಸಾಲದೆ ಎರಡು ತುದಿಗಳೂ ಮೂಲೆ ತಿರುಗಿ ಪಕ್ಕದ ಗೋಡೆಗಳಿಗೆ ಹರಿದವು. ಬಳೆ ಮಂಟಪ ಸುಮಾರಾಗಿ ಬಂತು. ಸಂಪಿಗೆ ಮರ ಬರಲಿಲ್ಲ. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಅದೇ ಜಾಗದಲ್ಲಿ ಈಗ ಕೈ ತೊಳೆಯುವ ಬೇಸಿನ್ನು ಮತ್ತು ಕನ್ನಡಿ ಇದೆ.

ಅಂದಿನಿಂದ ಇಬ್ಬರಿಗೂ ಹುಚ್ಚು ಹಿಡಿದಂತಾಯಿತು. ಬಿಡುವಿದ್ದ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಕಳೆದ ಮಾಗಿಯಲ್ಲಿ ಹನೂರು, ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯದ ಟಿಬೆಟನ್ನರ ಗುಡಿಗೆ ಹೋಗಿದ್ದೆವು. ಜೋಳದ ಹೊಲಗಳ ನಡುವೆ ಬಂಗಾರದ ಬಣ್ಣದ ಮಾಡು ಹೊಳೆಯುತ್ತಿತ್ತು. ಒಳಗೆ ಹೋದರೆ ಮಹಡಿ ಮನೆಯಷ್ಟು ಎತ್ತರದ ಬುದ್ಧ. ಅವನ ಸುತ್ತ ನೆಲದಿಂದ ಮಾಡಿನವರೆಗೆ ಒಂದು ಅಂಗೈಯಷ್ಟೂ ಖಾಲಿ ಬಿಡದೆ ಚಿತ್ರ: ಮೋಡ, ಬೆಂಕಿ, ಹುಲಿ, ಕಮಲ, ನೂರಾರು ಮುಖಗಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಒಂದು ಮೂಲೆಯಲ್ಲಿ ಕೆಂಪು ನಿಲುವಂಗಿಯ ಸನ್ಯಾಸಿಯೊಬ್ಬರು ಸ್ಟೂಲಿನ ಮೇಲೆ ಕೂತು, ಮಾಸಿದ ಮೋಡವೊಂದಕ್ಕೆ ಬಣ್ಣ ತುಂಬುತ್ತಿದ್ದರು. ವಯಸ್ಸು ನಲವತ್ತೈದಿರಬಹುದು. ಅವರ ಕೈಯನ್ನೇ ನೋಡುತ್ತಾ ಹತ್ತಿರ ಹೋದೆ. ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಮೋಡದ ಸುರುಳಿಯನ್ನು ಮುಗಿಸಿದರು. ಗೆರೆ ಎಲ್ಲೂ ದಪ್ಪವಾಗಲಿಲ್ಲ, ಎಲ್ಲೂ ನಡುಗಲಿಲ್ಲ.

ಅವರಿಗೆ ನನ್ನ ಭಾಷೆ ಬರುವುದಿಲ್ಲ ಅಂದುಕೊಂಡು ಕೈಸನ್ನೆಯಲ್ಲೇ ಚೆನ್ನಾಗಿದೆ ಅಂದೆ.

"ಯಾಕಣ್ಣ, ಮಾತಾಡಲ್ವಾ?" ಅಂದರು ಅವರು, ಅಪ್ಪಟ ಹನೂರಿನ ಕನ್ನಡದಲ್ಲಿ. "ನಾನ್ ಹುಟ್ಟಿದ್ದು ಇಲ್ಲೇ ಕಣಣ್ಣ. ನಿಮ್ ಬೆರಳಲ್ಲಿ ಪೇಂಟ್ ಅದಲ್ಲ, ನೀವೂ ಇದೇ ಕೆಲ್ಸನಾ?"

ಹೌದು, ಬೋರ್ಡ್ ಬರೆಯುತ್ತೇನೆ ಅಂದೆ. ಅವರು ಜರುಗಿ ಸ್ಟೂಲಿನಲ್ಲಿ ಜಾಗ ಕೊಟ್ಟು, ತಮ್ಮ ಕುಂಚ ತೋರಿಸಿದರು. ತುದಿಯಲ್ಲಿ ನಾಲ್ಕೈದು ಕೂದಲಿಗಿಂತ ಹೆಚ್ಚಿರಲಿಲ್ಲ. ಕಲ್ಲು ಅರೆದು ಮಾಡಿದ ನೀಲಿ ಸಣ್ಣ ಬಟ್ಟಲಿನಲ್ಲಿತ್ತು. ಎಷ್ಟು ದಿನದ ಕೆಲಸ ಅಂತ ಕೇಳಿದೆ.

"ಈ ಗೋಡೆನಾ? ನಾಕ್ ವರ್ಷ ಆಯ್ತು. ಇನ್ನೂ ಆ ಕಡೆದು ಅದೆ."

ನನ್ನ ಹೆಂಡತಿ ಮಾಡಿನ ತುದಿಯವರೆಗೆ ಕಣ್ಣಾಡಿಸಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಸನ್ಯಾಸಿ ನಕ್ಕು ಕುಂಚವನ್ನು ನನ್ನ ಕೈಗಿಟ್ಟರು. ಮೋಡದ ಒಳಗೆ ಹೆಬ್ಬೆಟ್ಟಿನಷ್ಟು ಜಾಗ ತೋರಿಸಿ, "ಇಷ್ಟು ನೀವ್ ತುಂಬ್ಸಿ ಅಣ್ಣ. ಗೆರೆ ದಾಟ್ಬೇಡಿ, ಅಷ್ಟೇಯಾ" ಅಂದರು.

ನಾನು ಅಂಗೈಯ ಬೆವರನ್ನು ಪಂಚೆಗೆ ಒರೆಸಿಕೊಂಡೆ. ಕುಂಚದ ತುದಿಯನ್ನು ನೀಲಿಯಲ್ಲಿ ಅದ್ದಿದೆ.